ತಮ್ಮನ ಕಾರ್ಡು

ನನ್ನ ಬಾಯಿ ಜೋರು ಎಂದು ಗುಂಡ್ಲುಪೇಟೆಯಲ್ಲಿ ಹೇಳದವರಿಲ್ಲ. ಹೇಳಲಿ. ಬಾಯಿ ಜೋರಿಲ್ಲದಿದ್ದರೆ ಊಟಿ ರಸ್ತೆಯಲ್ಲಿ ಒಬ್ಬ ಹೆಂಗಸು ಅಂಗಡಿ ಇಟ್ಟುಕೊಂಡು ಬದುಕುವುದು ಅಷ್ಟರಲ್ಲೇ ಇದೆ. ನಾನು ರವಿಕೆ ಹೊಲಿಯುವವಳು, ಹೆಸರು ಸುಧಾಮಣಿ. ನನ್ನ ಯಜಮಾನರು ಗಂಗಾಧರಸ್ವಾಮಿ, ಚೆಂಡುಹೂವಿನ ವ್ಯಾಪಾರ. ಅವರು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅವರ ಪಾಲಿನದನ್ನೂ ಸೇರಿಸಿ ನಾನೇ ಆಡುತ್ತೇನೆ.

ಕೊಯಮತ್ತೂರಿನಿಂದ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ತರಿಸಿದ ಮೇಲೆ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಮೆಷಿನ್ ಜೊತೆಗೆ ಬರುವ ಡಿಸೈನುಗಳು ಎಲ್ಲ ಟೈಲರ್‌ಗಳ ಹತ್ತಿರವೂ ಇರುವಂಥವೇ. ಅದೇ ನವಿಲು, ಅದೇ ಮಾವಿನಕಾಯಿ, ಅದೇ ಆನೆ. ಮದುವೆ ಮನೆಯಲ್ಲಿ ಯಾವ ಹೆಂಗಸಿನ ಬೆನ್ನು ನೋಡಿದರೂ ಅದೇ ನವಿಲು ಕುಣಿಯುತ್ತಿರುತ್ತದೆ. ನನಗೆ ನಾನೇ ಬರೆದ ಡಿಸೈನು ಹೊಲಿಯಬೇಕಿತ್ತು. ಕೈಯಲ್ಲಿ ಬರೆದದ್ದು ಮೆಷಿನ್‌ಗೆ ಅರ್ಥವಾಗಬೇಕೆಂದರೆ ಒಂದು ಸಾಫ್ಟ್‌ವೇರ್ ಬೇಕು. ಅದು ಹೊರದೇಶದ ಕಂಪನಿಯದು, ಇಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವರ ವೆಬ್‌ಸೈಟಿನಲ್ಲಿ ಖಾತೆ ತೆರೆದು ವರ್ಷ ವರ್ಷ ಕಾರ್ಡಿನಲ್ಲಿ ಹಣ ಕಟ್ಟಬೇಕು. ನಾವು ಬರೆದದ್ದೆಲ್ಲ ಆ ಖಾತೆಯ ಒಳಗೇ ಕೂತಿರುತ್ತದೆ.

ನನ್ನ ಕಾರ್ಡು ಹಾಕಿದೆ, ಆಗಲಿಲ್ಲ. ಯಜಮಾನರ ಕಾರ್ಡು ಹಾಕಿದೆ, ಅದೂ ಆಗಲಿಲ್ಲ. ಬ್ಯಾಂಕಿಗೆ ಹೋದೆ. ಅಲ್ಲಿ ಸುಧಾಕರ್ ಎಂಬ ಆಫೀಸರು, ಪಾಪ ಒಳ್ಳೆಯ ಮನುಷ್ಯ.

"ಮೇಡಂ, ನಿಮ್ಮ ಕಾರ್ಡು ದೇಶದ ಒಳಗೆ ಮಾತ್ರ ನಡೆಯೋದು. ಹೊರದೇಶಕ್ಕೆ ಕಟ್ಟಬೇಕು ಅಂದ್ರೆ ಕ್ರೆಡಿಟ್ ಕಾರ್ಡ್ ಬೇಕು" ಎಂದರು.

"ಕೊಡಿ ಮತ್ತೆ."

"ಸಂಬಳದ ಚೀಟಿ ತಗೊಂಡು ಬನ್ನಿ."

"ನಂಗ್ಯಾರು ಸ್ವಾಮಿ ಸಂಬ್ಳ ಕೊಡ್ತಾರೆ? ನಾನೇ ಇಬ್ರಿಗೆ ಸಂಬ್ಳ ಕೊಡ್ತೀನಿ!"

ಬ್ಯಾಂಕಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ದುಡ್ಡು ನನ್ನದು, ಕೊಳ್ಳುವವಳು ನಾನು, ಮಾರುವವನು ಕೊಡುತ್ತೇನೆ ಅನ್ನುತ್ತಿದ್ದಾನೆ, ಆದರೂ ನಡುವೆ ಬಾಗಿಲು ಹಾಕಿದೆ. ಬೇರೆಯವರಿಗೆ ಸಂಬಳ ಕೊಡುವವಳ ಮೇಲೆ ಇಲ್ಲದ ನಂಬಿಕೆ ಸಂಬಳ ತೆಗೆದುಕೊಳ್ಳುವವನ ಮೇಲೆ ಹೇಗೆ ಬರುತ್ತದೋ ದೇವರೇ ಬಲ್ಲ.

ಆಗ ನೆನಪಾದವನೇ ನನ್ನ ತಮ್ಮ ಮೃತ್ಯುಂಜಯ. ಮನೆಯಲ್ಲಿ ಜಯ ಅಂತಲೇ ಕರೆಯುವುದು. ಅವ್ವನನ್ನೂ ಹೆಂಡತಿ ರೂಪಶ್ರೀಯನ್ನೂ ಇಟ್ಟುಕೊಂಡು ನಮ್ಮ ತವರೂರು ಉಡಿಗಾಲದಲ್ಲೇ ಇದ್ದಾನೆ, ದಿನಾ ಬೈಕಿನಲ್ಲಿ ಚಾಮರಾಜನಗರಕ್ಕೆ ಹೋಗಿ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಮಾಡುತ್ತಿದ್ದ. ಅವನ ಹತ್ತಿರ ಹೊರದೇಶಕ್ಕೂ ನಡೆಯುವ ಕಾರ್ಡಿತ್ತು. ಜೊತೆಗೆ ಅವನ ಕೈಗುಣ ಒಳ್ಳೆಯದು ಎಂದು ನಮ್ಮ ಕಡೆಯಲ್ಲೆಲ್ಲ ಹೆಸರು. ಅರಿಸಿನ ನೆಡುವಾಗ ಮೊದಲ ಕೊಂಬು ಅವನ ಕೈಯಲ್ಲೇ ಇಡಿಸುತ್ತಿದ್ದರು. ನನ್ನ ಅಂಗಡಿ ತೆರೆದ ದಿನವೂ ಮೊದಲ ಬೋಣಿ ಅವನದೇ. ಕೈಗುಣ ಅಂದರೆ ನಗಬೇಡಿ. ವ್ಯಾಪಾರ ಮಾಡುವವರಿಗೆ ಅದರ ಬೆಲೆ ಗೊತ್ತು.

ಒಂದು ಶುಕ್ರವಾರ ಅವನನ್ನು ಅಂಗಡಿಗೆ ಕರೆಸಿದೆ. ಲ್ಯಾಪ್‌ಟಾಪಿಗೆ ವಿಭೂತಿ, ಕುಂಕುಮ ಇಟ್ಟು ಹೂ ಮುಡಿಸಿ, ಕಾಯಿ ಒಡೆದು, ಅವನನ್ನು ಕುರ್ಚಿಯಲ್ಲಿ ಕೂರಿಸಿದೆ. ಅವನು ಒಂದೊಂದೇ ತುಂಬುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದ.

"ಅಕ್ಕ, ಖಾತೆ ಯಾರ ಹೆಸ್ರಲ್ಲಿ ಇರ್ಬೇಕು ಅಂತ ಕೇಳ್ತಾ ಅದೆ. ನಿಂದ್ ಹಾಕ್ಲಾ?"

"ಸುಧಾಂದೇ ಹಾಕಪ್ಪ" ಎಂದರು ಯಜಮಾನರು. ಆವತ್ತಿನ ನಾಲ್ಕು ಮಾತುಗಳಲ್ಲಿ ಅದೂ ಒಂದು.

ನಾನು ಅವರ ಮೇಲೆ ಹಾರಿಬಿದ್ದೆ. "ನೀವ್ ಸುಮ್ನಿರಿ, ನಿಮ್ಗೇನ್ ಗೊತ್ತು! ಬೋಣಿ ಮಾಡೋನ್ ಹೆಸ್ರೇ ಇರ್ಬೇಕು. ಜಯ, ನಿಂದೇ ಹಾಕು ಕಣ್ಲಾ. ನಿನ್ನ ಕೈಗುಣ ನಂಗೆ ಬೇಕು."

ಅವನು ತನ್ನ ಹೆಸರು, ತನ್ನ ಇಮೇಲ್ ಹಾಕಿದ. ಕಾರ್ಡು ಒಪ್ಪಿತು. ನಾನು ಅವನ ಬಾಯಿಗೆ ಸಕ್ಕರೆ ಹಾಕಿದೆ. ಪಾಸ್‌ವರ್ಡ್ ನನಗೆ ಹೇಳಿಕೊಟ್ಟ. ವರ್ಷ ತಿರುಗಿದಾಗಲೆಲ್ಲ ಅವನ ಕಾರ್ಡಿನಿಂದ ಹೋದ ಹಣವನ್ನು ಮರುದಿನವೇ ಮುಟ್ಟಿಸುತ್ತಿದ್ದೆ, ಮೇಲೆ ಹಬ್ಬಕ್ಕೆ ಬಟ್ಟೆ ಬೇರೆ. ಒಂದು ಪೈಸೆಯೂ ಉಳಿಸಿಕೊಂಡವಳಲ್ಲ.

ಕೈಗುಣವೋ ನನ್ನ ದುಡಿತವೋ, ಕೆಲಸ ಹತ್ತಿತು. ಹಗಲೆಲ್ಲ ಹೊಲಿದು, ಬಿಡುವಾದಾಗಲೆಲ್ಲ ಬರೆದೆ. ಹುರುಳಿ ಬಳ್ಳಿ ಬರೆದೆ, ಹೊಸಿಲಿನ ರಂಗೋಲಿ ಬರೆದೆ, ಬಂಡೀಪುರದ ಕಡೆ ದಾರಿಯಲ್ಲಿ ಕಾಣುವ ಕಾಡುಹೂ ಬರೆದೆ. ಗಡಿಯಾಚೆ ಸುಲ್ತಾನ್ ಬತ್ತೇರಿಯಲ್ಲಿ ಮದುವೆ ಬಟ್ಟೆಯ ಅಂಗಡಿ ಇಟ್ಟಿರುವ ಮಲಯಾಳಿ ಹೆಂಗಸು ಒಬ್ಬರು ನನ್ನ ಕೆಲಸ ನೋಡಿ ಮರುಳಾದರು. ನಾನು ಅವರನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತೇನೆ. "ಸುಧಾ, ಬೇರೆ ಯಾರ ಹತ್ರನೂ ಇಲ್ಲದ ಒಂದು ಡಿಸೈನ್ ಕೊಡು. ನಿನ್ನ ಹೆಸರಿನ ಲೇಬಲ್ ಹಾಕಿಯೇ ಮಾರ್ತೀನಿ" ಎಂದರು. ನನ್ನ ಹೆಸರಿನ ಲೇಬಲ್! ಆವತ್ತು ನನಗೆ ಊಟ ಸೇರಲಿಲ್ಲ.

ಬೇರೆ ಯಾರ ಹತ್ತಿರವೂ ಇಲ್ಲದ್ದು ಎಂದ ಕೂಡಲೇ ನನಗೆ ಹೊಳೆದದ್ದು ಅವ್ವನ ಕೈ ಮೇಲಿನ ಹಚ್ಚೆ. ನನ್ನ ಅವ್ವ ಚಿಕ್ಕಮಲ್ಲಮ್ಮನ ಬಲಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಚ್ಚೆ ಇದೆ. ನಡುವೆ ಒಂದು ತೊಟ್ಟಿಲು, ಅದರ ಸುತ್ತ ಬಳ್ಳಿ, ಕೆಳಗೆ ಚುಕ್ಕಿಗಳ ಸಾಲು. ಆ ಸಾಲು ಒಂದು ಕಡೆ ಅರ್ಧಕ್ಕೇ ನಿಂತಿದೆ. ಹಚ್ಚೆ ಹುಯ್ಯುವವಳು ಬಂದಾಗ ಅವ್ವ ಇನ್ನೂ ಸಣ್ಣ ಹುಡುಗಿ, ನೋವು ತಾಳಲಾರದೆ ಕೈ ಕಿತ್ತುಕೊಂಡು ಓಡಿದ್ದಳಂತೆ. ನಾನು ಉಡಿಗಾಲಕ್ಕೆ ಹೋಗಿ, ಅವ್ವನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಟರ್ ಪೇಪರ್ ಹಾಸಿ ಒಂದೊಂದೇ ಗೆರೆ ಇಳಿಸಿಕೊಂಡೆ.

"ಇದನ್ಯಾರು ಕೇಳ್ತಾರೆ ಕಣಮ್ಮಿ ಈಗಿನ ಕಾಲ್ದಲ್ಲಿ!" ಎಂದು ಅವ್ವ ನಕ್ಕಳು. ನಕ್ಕರೂ ಕೈ ಅಲುಗಿಸಲಿಲ್ಲ.

ಅದನ್ನು ಸಾಫ್ಟ್‌ವೇರಿನಲ್ಲಿ ಕೂರಿಸುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು. ಅರ್ಧಕ್ಕೆ ನಿಂತ ಚುಕ್ಕಿಯ ಸಾಲನ್ನು ನಾನು ತುಂಬಲಿಲ್ಲ. ಅವ್ವ ಓಡಿಹೋದದ್ದು ಅದರಲ್ಲಿ ಇರಲಿ ಅನ್ನಿಸಿತು. ಯಾರಿಗೂ ಹೊಲಿದುಕೊಡಲಿಲ್ಲ, ಯಾರಿಗೂ ತೋರಿಸಲಿಲ್ಲ. ಕ್ರಿಸ್‌ಮಸ್ ಕಳೆದ ಮೇಲಿನ ಮದುವೆಗಳಿಗೆ ಕೊಡುತ್ತೇನೆ ಎಂದು ಚೇಚಿಗೆ ಮಾತು ಕೊಟ್ಟೆ. ನನ್ನ ಹೆಸರು ಗಡಿ ದಾಟುವುದು ಆ ಒಂದು ಡಿಸೈನಿನ ಮೇಲೆ ನಿಂತಿತ್ತು.

ಕಾರ್ತೀಕ ಮಾಸದಲ್ಲಿ ಒಂದು ಬೆಳಿಗ್ಗೆ ಖಾತೆ ತೆರೆಯಲು ಹೋದರೆ ಪಾಸ್‌ವರ್ಡ್ ತಪ್ಪು ಎಂದಿತು. ಮತ್ತೆ ಹೊಡೆದೆ, ಮತ್ತೆ ತಪ್ಪು. ತಮ್ಮನಿಗೆ ಫೋನ್ ಮಾಡಿದೆ.

"ಅಯ್ಯೋ, ಏಳಕ್ಕೆ ಮರ್ತೇ ಓಗಿತ್ತು ಕಣಕ್ಕ" ಎಂದ. "ಹೊರದೇಶದ ಪೇಮೆಂಟಿಗೆಲ್ಲ ಬ್ಯಾಂಕಿನೋರು ಬೀಗ ಹಾಕ್ಬುಟ್ಟವ್ರೆ. ಹೊಸಾ ರೂಲ್ಸಂತೆ. ನನ್ ಕಾರ್ಡೂ ನಡೀತಾ ಇಲ್ಲ. ಅದ್ಕೇ ಕಂಪನಿಯೋರು ಖಾತೆ ಮುಚ್ಚವ್ರೆ. ಸ್ವಲ್ಪ ದಿನ ತಡ್ಕೊ, ಸರಿ ಮಾಡಿಸ್ತೀನಿ."

ನಂಬಿದೆ. ಯಾಕೆ ನಂಬಬಾರದು? ಬ್ಯಾಂಕಿನವರು ಒಮ್ಮೆ ನನ್ನ ಮುಖದ ಮೇಲೆ ಬಾಗಿಲು ಹಾಕಿದ್ದವರೇ. ತಡೆದೆ, ತಡೆದೆ. ಪೆನ್‌ಡ್ರೈವಿನಲ್ಲಿ ಇಳಿಸಿಕೊಂಡಿದ್ದ ಹಳೆಯ ಡಿಸೈನುಗಳಲ್ಲೇ ಅಂಗಡಿ ನಡೆಸಿದೆ. ಅವ್ವನ ಹಚ್ಚೆಯದು ಇನ್ನೂ ಹೊಲಿಯದ್ದರಿಂದ ಇಳಿಸಿಕೊಂಡಿರಲಿಲ್ಲ. ಚೇಚಿ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು. ಕೊನೆಗೆ ಸಹನೆ ಕೆಟ್ಟು ಬ್ಯಾಂಕಿಗೆ ನುಗ್ಗಿದೆ.

"ಏನ್ ಸ್ವಾಮಿ, ನಾವು ಬದ್ಕೋದು ನಿಮ್ಗೆ ಬ್ಯಾಡ್ವಾ? ನನ್ ಕಾರ್ಡಂತೂ ನಡೆಸಲಿಲ್ಲ, ಈಗ ನನ್ ತಮ್ಮಂದೂ ನಿಲ್ಸಿದ್ದೀರಾ? ನಮ್ ದುಡ್ಡಿಗೆ ನೀವ್ಯಾರು ಬೀಗ ಹಾಕಕ್ಕೆ?" ಎಂದು ಸುಧಾಕರ್ ಅವರ ಮೇಜು ಕುಟ್ಟಿದೆ. ಪಿಂಚಣಿಗೆ ಬಂದಿದ್ದ ಮುದುಕರೆಲ್ಲ ಎದ್ದು ನಿಂತರು.

ಸುಧಾಕರ್ ನೀರು ಕೊಟ್ಟು ಕೂರಿಸಿದರು. "ನಿಮ್ಮ ತಮ್ಮನ ಕಾರ್ಡು ನಮ್ಮ ಬ್ಯಾಂಕಿಂದೇ ಅಲ್ವಲ್ಲ ಮೇಡಂ. ಮತ್ತೆ ಅಂಥ ರೂಲ್ಸ್ ಏನೂ ಬಂದಿಲ್ಲ. ಬ್ಯಾಂಕು ನಿಲ್ಲಿಸಿದ್ರೆ ಅವರಿಗೆ ಮೆಸೇಜ್ ಬಂದಿರುತ್ತೆ. ತೋರಿಸೋಕೆ ಹೇಳಿ" ಎಂದರು.

ಬ್ಯಾಂಕಿನವರು ಬ್ಯಾಂಕಿನವರನ್ನೇ ಕಾಯುತ್ತಾರೆ ಎಂದುಕೊಂಡು ಎದ್ದು ಬಂದೆ. ಒಡಹುಟ್ಟಿದವನು ಒಂದು ಮಾತು ಹೇಳಿ, ಹೊರಗಿನವನು ಇನ್ನೊಂದು ಹೇಳಿದರೆ ಯಾರನ್ನು ನಂಬುತ್ತೀರಿ? ನಾನೂ ಅದನ್ನೇ ಮಾಡಿದೆ. ಕ್ರಿಸ್‌ಮಸ್ ಬಂತು, ಹೋಯಿತು. ಚೇಚಿ ಒಂದು ದಿನ "ಪರವಾಗಿಲ್ಲ ಸುಧಾ" ಎಂದರು. ಆಮೇಲೆ ಅವರ ಫೋನು ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕುದೇರಿನ ನೆಂಟರ ಮದುವೆ ಇತ್ತು, ಚಾಮರಾಜನಗರದ ಛತ್ರದಲ್ಲಿ. ಯಜಮಾನರಿಗೆ ಹೂವಿನ ಕೆಲಸ, ನಾನೊಬ್ಬಳೇ ಹೋದೆ. ಧಾರೆ ಮುಗಿದು ಊಟದ ಸಾಲಿನಲ್ಲಿ ನಿಂತಿದ್ದೆ. ಮುಂದೆ ನಿಂತಿದ್ದ ಹುಡುಗಿ ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು. ಅವಳ ಬೆನ್ನ ಮೇಲೆ ನಮ್ಮ ಅವ್ವನ ತೊಟ್ಟಿಲು ಕಂಡಿತು.

ಮೊದಲು ಯಾರೋ ನನ್ನ ಹಾಗೆಯೇ ಯೋಚಿಸಿದ್ದಾರೆ ಎಂದುಕೊಂಡೆ. ಹಚ್ಚೆ ಊರಿಗೆಲ್ಲ ಒಂದೇ, ಬೇರೆ ಮುದುಕಿಯರ ಕೈ ಮೇಲೂ ತೊಟ್ಟಿಲು ಇರುತ್ತದೆ. ಆಮೇಲೆ ಕೆಳಗಿನ ಚುಕ್ಕಿಯ ಸಾಲು ನೋಡಿದೆ. ಅದು ಅರ್ಧಕ್ಕೇ ನಿಂತಿತ್ತು.

"ಎಲ್ಲಿ ಹೊಲಿಸ್ದೆ ಕಣಮ್ಮಿ ಇದ್ನ?"

"ಇಲ್ಲೇ ಜೋಡಿ ರಸ್ತೇಲಿ ಆಂಟಿ. ರೂಪಶ್ರೀ ಆಂಟಿ ಹೊಸ್ದಾಗಿ ಅಂಗ್ಡಿ ಹಾಕವ್ರಲ್ಲ, ಅಲ್ಲಿ. ಚೆನ್ನಾಗದಾ?"

"ಚೆನ್ನಾಗದೆ" ಎಂದೆ. ಬೇರೇನು ಹೇಳಲಿ? ಸಾಲು ಬಿಟ್ಟು ಹೊರಗೆ ಬಂದೆ. ರೂಪಶ್ರೀ ಸೂಜಿಗೆ ದಾರ ಪೋಣಿಸಲು ಬಾರದವಳು. ಅವಳ ರವಿಕೆಯ ಹುಕ್ಸ್ ಕಿತ್ತುಹೋದರೆ ಗುಂಡ್ಲುಪೇಟೆಗೆ ಕಳಿಸುತ್ತಿದ್ದವಳು.

ರೇಷ್ಮೆ ಸೀರೆಯಲ್ಲೇ, ಉಣ್ಣದೆ, ಜೋಡಿ ರಸ್ತೆಯ ಉದ್ದಕ್ಕೂ ನಡೆದೆ. ಅಂಗಡಿ ಸಿಕ್ಕಿತು. ಹೊಸ ಬೋರ್ಡು, ಹೊಸ ಗಾಜು, ನನ್ನದಕ್ಕಿಂತ ದೊಡ್ಡ ಮೆಷಿನ್. ಕೆಲಸದವನೊಬ್ಬ ಕೂತು ಓಡಿಸುತ್ತಿದ್ದ. ಗೋಡೆಯಲ್ಲಿ ತೂಗುಹಾಕಿದ್ದ ಸ್ಯಾಂಪಲ್‌ಗಳನ್ನು ನೋಡಿದೆ. ಹುರುಳಿ ಬಳ್ಳಿ ಇತ್ತು. ರಂಗೋಲಿ ಇತ್ತು. ಕಾಡುಹೂ ಇತ್ತು. ನಾನು ಬರೆದ ಒಂದೂ ಬಿಟ್ಟುಹೋಗಿರಲಿಲ್ಲ. ರೂಪಶ್ರೀ ನನ್ನನ್ನು ಕಂಡು ಎದ್ದು ನಿಂತಳು, "ಬನ್ನಿ ಅಕ್ಕ" ಎಂದಳು, ಆಮೇಲೆ ಒಳಗೆ ಹೋಗಿ ಫೋನ್ ಹಚ್ಚಿದಳು.

ಜಯ ಬಂದ. ಬೈಕ್ ಸ್ಟ್ಯಾಂಡ್ ಹಾಕಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ಏನ್ಲಾ ಇದು?" ಎಂದೆ. "ಬ್ಯಾಂಕಿನೋರು ಬೀಗ ಹಾಕವ್ರೆ ಅಂದ್ಯಲ್ಲ. ಇಲ್ಲಿಗೆಂಗ್ಲಾ ತೆಗೆದ್ರು?"

"ಅಕ್ಕ, ಜನ ನೋಡ್ತಾವ್ರೆ. ಒಳಕ್ಕೆ ಬಾ."

"ನೋಡ್ಲಿ! ಇಡೀ ಚಾಮರಾಜನಗರ ನೋಡ್ಲಿ! ನನ್ ಮನೆ ಉಂಡು ನನ್ ಮನೆಗೇ ಕನ್ನ ಹಾಕಿದ್ಯಲ್ಲೋ ಪಾಪಿ."

ಅದುವರೆಗೆ ನೆಲ ನೋಡುತ್ತಿದ್ದವನು ಈಗ ನನ್ನ ಮುಖ ನೋಡಿದ. "ಕನ್ನ ಗಿನ್ನ ಅನ್ಬೇಡ ಕಣಕ್ಕ. ಖಾತೆ ಯಾರ ಹೆಸ್ರಲ್ಲದೆ? ನಂದು. ಕಾರ್ಡು ನಂದು, ಇಮೇಲ್ ನಂದು. ನಿಂದ್ ಹಾಕ್ಲಾ ಅಂತ ಕೇಳಿದ್ನಾ ಇಲ್ವಾ? ಭಾವ ಎದ್ರಿಗೇ ನೀನೇ ಬ್ಯಾಡ ಅಂದೆ. ಕಂಪನಿಯೋರಿಗೆ ಬರ್ದು ಕೇಳು ಬೇಕಾದ್ರೆ, ಯಾರ್ದು ಅಂತಾರೋ ನೋಡನ."

ಬಾಯಿಗೆ ಬಂದದ್ದೆಲ್ಲ ಬೈದೆ. ಮೆಷಿನ್ ನಿಂತಿತು. ಎದುರಿನ ಬೇಕರಿಯವರು ಹೊರಗೆ ಬಂದು ನಿಂತರು. ಅವನು ತಲೆಯೊಡ್ಡಿ ಎಲ್ಲ ಕೇಳಿಸಿಕೊಂಡ. ನಾನು ಉಸಿರಿಗೆ ನಿಲ್ಲಿಸಿದಾಗ ಮೆತ್ತಗೆ ಹೇಳಿದ: "ನಾನು ನಿನ್ ಕೈ ಬುಡಕ್ಕಿಲ್ಲ ಕಣಕ್ಕ. ನಮ್ಗೂ ಬರೆಯೋರು ಬೇಕು. ನೀನಿಲ್ಲಿಗೆ ಬಂದ್ಬುಡು. ತಿಂಗ್ಳಾ ತಿಂಗ್ಳಾ ಸಂಬ್ಳ ಕೊಡ್ತೀನಿ. ಸಂಬ್ಳದ ಚೀಟೀನೂ ಕೊಡ್ತೀನಿ. ಆಮ್ಯಾಕೆ ಬ್ಯಾಂಕಲ್ಲಿ ನಿನ್ ಹೆಸ್ರಲ್ಲೇ ಕಾರ್ಡ್ ಮಾಡಿಸ್ಕಬೋದು."

ಅವನು ಕುಹಕಕ್ಕೆ ಹೇಳಲಿಲ್ಲ. ನಿಜವಾಗಿಯೂ ನನಗೆ ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡೇ ಹೇಳಿದ. ಅದಕ್ಕೇ ನನಗೆ ಅವನ ಕೆನ್ನೆಗೆ ಬಾರಿಸಲೂ ಕೈ ಬರಲಿಲ್ಲ.

ಗುಂಡ್ಲುಪೇಟೆ ಬಸ್ಸು ಹತ್ತಿದೆ. ದಾರಿಯಲ್ಲಿ ಉಡಿಗಾಲ ಬಂದ ಕೂಡಲೇ ಇಳಿದೆ. ಅವ್ವ ಒಬ್ಬಳು ಬಾಯಿ ಬಿಟ್ಟರೆ ಸಾಕು. ಅವಳ ಮಾತು ಜಯ ಮೀರುವವನಲ್ಲ. ಅವಳ ಕೈ ಮೇಲಿನದನ್ನೇ ಕದ್ದಿದ್ದಾನೆ ಎಂದರೆ ಪೊರಕೆ ಹಿಡಿಯುತ್ತಾಳೆ, ಸಂಜೆಯೊಳಗೆ ಪಾಸ್‌ವರ್ಡ್ ನನ್ನ ಕೈಗೆ ಬರುತ್ತದೆ, ಚೇಚಿಯ ಕಾಲು ಹಿಡಿದಾದರೂ ಮುಂದಿನ ಮದುವೆಗಳಿಗೆ ಕೊಡುತ್ತೇನೆ ಅನ್ನಬಹುದು. ಇಷ್ಟೆಲ್ಲ ಲೆಕ್ಕ ಹಾಕಿಕೊಂಡು ನಡೆದೆ.

ಅವ್ವ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

"ಅವ್ವ, ನಿನ್ ಮಗ ಏನ್ ಮಾಡವ್ನೆ ಗೊತ್ತಾ?"

ಅವ್ವ ತಲೆ ಎತ್ತಲಿಲ್ಲ. "ಬಿಸ್ಲಲ್ಲಿ ಬಂದಿದ್ದೀಯ. ಕೂತ್ಕೊ. ನೀರ್ ಕುಡಿ."

ಏನು, ಯಾಕೆ, ಯಾರು ಎಂದು ಕೇಳಲಿಲ್ಲ. "ನಿಂಗೆ ಗೊತ್ತಿತ್ತಾ ಅವ್ವ?"

"ಗೊತ್ತಿತ್ತು ಕಣಮ್ಮಿ."

ಒಂದು ಅವರೆಕಾಯಿ ಸುಲಿದು, ಕಾಳು ಮೊರಕ್ಕೆ ಹಾಕಿ ಹೇಳಿದಳು: "ದಸರಾದಲ್ಲೇ ಶೋರೂಮಿನೋರು ಅವನ್ನ ಬುಡ್ಸುದ್ರು. ಯಾರ್ಗೂ ಏಳ್ಕಳ್ನಿಲ್ಲ. ಗಂಡಸು ಮನೇಲಿ ಕೂತ್ರೆ ಎಷ್ಟ್ ದಿನ ನಡೀತದೆ? ರೂಪ ತವರಿಗೋಯ್ತೀನಿ ಅಂತ ಬಟ್ಟೆ ಜೋಡಿಸ್ಕಂಡು ಕೂತಿದ್ಲು. ಅವಳಪ್ಪನೇ ಮೆಷಿನ್ ಕೊಡಿಸ್ದ. ಮೆಷಿನ್ ಬಂದ್ರೆ ಆಯ್ತಾ? ಒಳಕ್ಕೆ ಹಾಕಕ್ಕೆ ಏನಾರ ಬೇಕಲ್ಲ."

"ಅದ್ಕೆ ನನ್ ಹೊಟ್ಟೆ ಮ್ಯಾಲೆ ಹೊಡೆಯೋದಾ?"

"ನಿಂಗೇನಮ್ಮಿ, ಕೈಲಿ ಕಸುಬದೆ. ಇನ್ನೊಂದ್ ಬರ್ಕೋತೀಯ. ಅವ್ನಿಗೆ ಬರೆಯಕ್ಕೆ ಬಂದದಾ?"

ಇನ್ನೊಂದು ಬರೆದುಕೊಳ್ಳಬೇಕಂತೆ. ನಾನು ಗೆರೆ ಗೆರೆಯಾಗಿ ಕೂಡಿಸಿದ್ದು ಅವಳಿಗೆ ಬಾವಿಯ ನೀರು, ಸೇದಿದಷ್ಟೂ ಬರುತ್ತದೆ. ನನಗೆ ಅಳು ನುಗ್ಗಿ ಬಂತು, ಸಿಟ್ಟಿನಲ್ಲಿ ಅದನ್ನು ಒತ್ತಿ ಹಿಡಿದೆ.

"ಒಂದ್ ಮಾತು ನನ್ನ ಕೇಳಿದ್ರೆ ಆಗ್ತಿರ್ನಿಲ್ವಾ ಅವ್ವ? ಕೆಲ್ಸ ಓಯ್ತು ಕಣಕ್ಕ, ಕಷ್ಟ ಕಣಕ್ಕ ಅಂದಿದ್ರೆ ನಾನೇ ಬಂದು ಮೆಷಿನ್ ಓಡಿಸೋದು ಕಲಿಸ್ತಿದ್ದೆ. ನಾನೇ ಕೊಡ್ತಿದ್ದೆ. ನಂಗೆ ಇರೋದು ಅವ್ನೊಬ್ನೇ ಅಲ್ವಾ?"

"ಅವ್ನೂ ಅಂಗೇ ಅಂದ" ಎಂದಳು ಅವ್ವ. "ಅಕ್ಕಂಗೆ ಒಂದ್ ಮಾತು ಏಳ್ಬುಟ್ಟು ತಕ್ಕೋತೀನಿ ಅಂತ ಫೋನ್ ಕೈಲಿಡ್ಕಂಡಿದ್ದ. ನಾನೇ ಬ್ಯಾಡ ಅಂದೆ."

"ಯಾಕೆ?"

ಅವ್ವ ಕೈಯಲ್ಲಿದ್ದ ಸಿಪ್ಪೆ ಕೆಳಗಿಟ್ಟು, ಆ ಹೊತ್ತಿಗೆ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದಳು.

"ಕೇಳಿದ್ರೆ ನೀನು ಕೊಟ್ಬುಡ್ತಿದ್ದೆ ಕಣಮ್ಮಿ. ನಂಗೊತ್ತಿಲ್ವಾ ನಿನ್ ಬುದ್ಧಿ? ಕೊಟ್ಬುಟ್ಟಿದ್ರೆ ನನ್ ಮಗ ಸಾಯೋಗಂಟ ನಿನ್ ಹಂಗಲ್ಲಿ ತಲೆ ತಗ್ಗಿಸ್ಕಂಡಿರ್ಬೇಕಿತ್ತು. ಅಕ್ಕ ಹಾಕಿದ್ ಅನ್ನ ಅಂತ ಊರು ಆಡ್ಕತಿತ್ತು. ಈಗೇನು, ನೀನು ಬೈತೀಯ. ಬೈದ್ಕೊ. ಬೈಗ್ಳ ತಡ್ಕಬೋದು."

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ. ಇಷ್ಟೊಂದು ನನ್ನನ್ನು ಅರ್ಥಮಾಡಿಕೊಂಡವಳು ಲೋಕದಲ್ಲಿ ಇನ್ನೊಬ್ಬಳಿಲ್ಲ. ಆ ಅರ್ಥವನ್ನೇ ಹಿಡಿದುಕೊಂಡು ನನ್ನನ್ನು ಲೂಟಿ ಮಾಡಿಸಿದ್ದಳು.

"ಊಟ ಮಾಡ್ಕಂಡು ಓಗು" ಎಂದಳು. "ಅವರೆಕಾಳು ಸಾರು ಮಾಡ್ತೀನಿ. ಬಸ್ಸಿಗಿನ್ನೂ ಹೊತ್ತದೆ."

ಎದ್ದೆ. ಅವ್ವ ಒಳಗೆ ಹೋಗಿ ಕುಂಕುಮದ ಭರಣಿ ತಂದಳು. ತವರಿನಿಂದ ಹೊರಡುವ ಮಗಳು ಹಣೆಗೆ ಇಡಿಸಿಕೊಳ್ಳದೆ ಹೋಗಬಾರದು, ಹೋದರೆ ಮತ್ತೆ ಬರುವ ದಾರಿ ಇರುವುದಿಲ್ಲ ಎನ್ನುತ್ತಾರೆ. ಅವಳು ಬೆರಳಿಗೆ ಕುಂಕುಮ ಹಚ್ಚಿಕೊಂಡು ನಿಂತಳು. ನಾನು ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದೆ.

"ಸುಧಾ, ಅಂಗೆ ಓಗ್ಬಾರ್ದು ಕಣಮ್ಮಿ. ನಿಂತ್ಕೊ" ಎಂದು ಕೂಗಿದಳು. ತಿರುಗಿ ನೋಡಿದ್ದರೆ ನಿಂತುಬಿಡುತ್ತಿದ್ದೆ. ನನ್ನ ಬುದ್ಧಿ ಅವಳಿಗೆ ಗೊತ್ತಿದ್ದಷ್ಟೇ ನನಗೂ ಗೊತ್ತು. ಅದಕ್ಕೇ ತಿರುಗಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು, ತೆರಕಣಾಂಬಿ ಬರುವವರೆಗೂ ಬಿಕ್ಕಿ ಬಿಕ್ಕಿ ಅತ್ತೆ.